ಯಾವ ಊರು ನಿಮ್ಮ ಮುತ್ತಜ್ಜಂದು?

ಡಬ್ಲಿನ್‌ನ ಕಿಲ್ಡೇರ್ ಬೀದಿಯ ನ್ಯಾಷನಲ್ ಲೈಬ್ರರಿಗೆ ತಮ್ಮ ವಂಶದ ಬೇರು ಅರಸಿ ಬರುವ ಅಮೆರಿಕ, ಕೆನಡಾ, ಆಸ್ಟ್ರೇಲಿಯದವರು ಬಹಳ. ಮುತ್ತಜ್ಜನ ಹೆಸರು ಮರ್ಫಿ ಎಂದಷ್ಟೇ ಅವರು ಹೇಳಿದರೆ ಕೆಲಸ ಮುಂದೆ ಸಾಗದು. ಐರ್ಲೆಂಡಿನಲ್ಲಿ ಎಲ್ಲೆಲ್ಲೂ ಕಾಣುವ ಅಡ್ಡಹೆಸರೇ ಅದು. ಬೇಕಾದದ್ದು ಊರು. ಜಿಲ್ಲೆಯಾಗಲಿ ಪಟ್ಟಣವಾಗಲಿ ಸಾಲದು, ‘ಟೌನ್‌ಲ್ಯಾಂಡ್’ ಗೊತ್ತಿರಬೇಕು. ಕೆಲವು ಮನೆ, ಒಂದಿಷ್ಟು ಹೊಲ ಸೇರಿದ ಇಂಥ ತುಣುಕುಗಳು ಆ ದ್ವೀಪದಲ್ಲಿ 60,000ಕ್ಕೂ ಹೆಚ್ಚು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಶುರುವಾದ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಮಂದಿ ಹಡಗು ಹತ್ತಿದರು. ಹೋದವರ ಮೊಮ್ಮಕ್ಕಳಿಗೆ ‘ಐರ್ಲೆಂಡ್’ ಎಂಬ ಹೆಸರು ಉಳಿಯಿತು, ಊರಿನ ಹೆಸರು ಅಳಿಯಿತು.

ಜನಗಣತಿ ನೋಡಿದರಾಯಿತಲ್ಲ ಎನ್ನಬಹುದು. ಅಲ್ಲೇ ತೊಡಕು. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ದಾಖಲೆ ಭಂಡಾರ ಸ್ಫೋಟಕ್ಕೆ ಸಿಕ್ಕಿ ಬೂದಿಯಾಯಿತು. ಏಳು ಶತಮಾನಗಳ ಕಡತಗಳೊಂದಿಗೆ 1821ರಿಂದ 1851ರವರೆಗಿನ ಗಣತಿ ಪುಸ್ತಕಗಳೂ ಹೋದವು, ಉಳಿದದ್ದು ಚೂರುಪಾರು. ಎಲ್ಲವನ್ನೂ ಬೆಂಕಿಯ ತಲೆಗೆ ಕಟ್ಟುವಂತಿಲ್ಲ. 1861 ಮತ್ತು 1871ರ ಗಣತಿಯ ಹಾಳೆಗಳನ್ನು ಸರ್ಕಾರವೇ ನಾಶ ಮಾಡಿಸಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ 1881 ಮತ್ತು 1891ರವು ರದ್ದಿಗೆ ಹೋಗಿದ್ದವು. ಪೂರ್ತಿಯಾಗಿ ಸಿಗುವ ಹಳೆಯ ಗಣತಿ 1901ರದು, ಆಮೇಲೆ 1911ರದು.

ಹಾಗಾಗಿ ಹಿಂದಕ್ಕೆ ಹೋಗಬೇಕಾದವರು ಕಂದಾಯದ ದಾರಿ ಹಿಡಿಯುತ್ತಾರೆ. 1847ರಿಂದ 1864ರವರೆಗೆ ರಿಚರ್ಡ್ ಗ್ರಿಫಿತ್ ನಡೆಸಿದ ಮೌಲ್ಯಮಾಪನದಲ್ಲಿ ಪ್ರತಿ ಟೌನ್‌ಲ್ಯಾಂಡಿನ ಒಕ್ಕಲಿನ ಹೆಸರು, ಒಡೆಯನ ಹೆಸರು, ಜಮೀನಿನ ವಿಸ್ತೀರ್ಣ, ಬೆಲೆ ಎಲ್ಲ ಅಚ್ಚಾಗಿವೆ. ಹೆಂಡತಿ ಮಕ್ಕಳ ಸುದ್ದಿಯಿಲ್ಲ. ಜನರನ್ನು ಎಣಿಸಿದ ಪುಸ್ತಕ ಸುಟ್ಟುಹೋಗಿ, ತೆರಿಗೆಗೆಂದು ಬರೆದ ಪುಸ್ತಕ ಉಳಿದು, ಈಗ ಮೊಮ್ಮಕ್ಕಳ ಕೈಹಿಡಿಯುತ್ತಿದೆ.

ಚರ್ಚ್ ಪುಸ್ತಕಗಳದ್ದು ಇನ್ನೊಂದು ವಿಚಿತ್ರ. ಸರ್ಕಾರದ ಮನ್ನಣೆಯಿದ್ದ ಚರ್ಚ್ ಆಫ್ ಐರ್ಲೆಂಡಿನ ಎಷ್ಟೋ ದಾಖಲೆಗಳನ್ನು ಭದ್ರವಾಗಿರಲೆಂದು ಡಬ್ಲಿನ್‌ಗೆ ಕಳಿಸಲಾಗಿತ್ತು, ಅವು ಸುಟ್ಟವು. ಕ್ಯಾಥೊಲಿಕರ ಪುಸ್ತಕಗಳನ್ನು ಯಾರೂ ಕೇಳಿರಲಿಲ್ಲ. ಅವು ಆಯಾ ಊರಲ್ಲೇ ಉಳಿದುಕೊಂಡವು. 2015ರಿಂದ ಅವುಗಳ ಚಿತ್ರಪ್ರತಿಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ಹಲವು ಪುಟ ಲ್ಯಾಟಿನ್‌ನಲ್ಲಿವೆ, ಜೇಮ್ಸ್ ಅಲ್ಲಿ ಜಾಕೋಬಸ್. ಕೈಬರಹಕ್ಕಂತೂ ತಾಳ್ಮೆ ಬೇಕು.

ಬೇಕಾದ ಚರ್ಚ್ ಪುಸ್ತಕ ಐರ್ಲೆಂಡಿನಲ್ಲೇ ಇರಬೇಕೆಂದೂ ಇಲ್ಲ. ಬ್ರಿಟಿಷ್ ಸೈನ್ಯ ಸೇರಿ ನಮ್ಮ ಬೆಂಗಳೂರಿನ ದಂಡಿಗೆ ಬಂದ ಐರಿಷ್ ಸಿಪಾಯಿಗಳ ಮಕ್ಕಳ ಜ್ಞಾನಸ್ನಾನದ ವಿವರ ಹುಡುಕಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ದಾಖಲೆಗಳನ್ನು ನೋಡಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪಿಂಚಣಿ ಅರ್ಜಿಗಳ ಕಥೆ. 1909ರ ಜನವರಿಯಿಂದ ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್‌ವರೆಗೆ ಸಿಗತೊಡಗಿತು. ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ಮುದುಕರು ವಯಸ್ಸನ್ನು ರುಜುವಾತು ಮಾಡುವುದೆಂತು? 1839ರ ಜನವರಿಯಲ್ಲಿ ಬೀಸಿದ ‘ದೊಡ್ಡ ಗಾಳಿ’ಯ ರಾತ್ರಿ ನೆನಪಿದೆ ಎಂದು ಎಷ್ಟೋ ಜನ ಹೇಳಿಕೊಂಡರು. ಇನ್ನು ಕೆಲವರಿಗಾಗಿ ಗುಮಾಸ್ತರು 1841 ಮತ್ತು 1851ರ ಗಣತಿ ತೆರೆದು, ಆ ಮನೆಯಲ್ಲಿ ಯಾರ್ಯಾರಿದ್ದರೆಂದು ಅರ್ಜಿಯ ಮೇಲೆ ಬರೆದುಕೊಂಡರು. ಮೂಲ ಸುಟ್ಟ ಮೇಲೆ ಆ ಟಿಪ್ಪಣಿಗಳೇ ಆ ಮನೆಗಳ ಗಣತಿಯಾಗಿವೆ. ಅಂದಹಾಗೆ, 1901ಕ್ಕೂ 1911ಕ್ಕೂ ನಡುವಿನ ಹತ್ತು ವರ್ಷದಲ್ಲಿ ಹದಿನೈದು ವರ್ಷ ದೊಡ್ಡವರಾದ ಅಜ್ಜ-ಅಜ್ಜಿಯರು ಕಂಡರೆ ಬೆರಗಾಗಬೇಡಿ, ಎರಡೂ ಗಣತಿಯ ವಯಸ್ಸನ್ನು ಅನುಮಾನದಿಂದಲೇ ಓದಿ.

ಸುಟ್ಟ ಭಂಡಾರದ ಯಾವ ಕಪಾಟಿನಲ್ಲಿ ಏನಿತ್ತೆಂಬುದು ಹರ್ಬರ್ಟ್ ವುಡ್ ಎಂಬ ಅಧಿಕಾರಿ 1919ರಲ್ಲಿ ಹೊರತಂದ ಕೈಪಿಡಿಯಿಂದ ಗೊತ್ತಾಗುತ್ತದೆ. ಅದನ್ನು ಮುಂದಿಟ್ಟುಕೊಂಡು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಮುಂದಾಳತ್ವದಲ್ಲಿ ವಿದ್ವಾಂಸರು ಬೇರೆ ಬೇರೆ ದೇಶಗಳ ಸಂಗ್ರಹಗಳಲ್ಲಿ ಉಳಿದಿದ್ದ ನಕಲುಗಳನ್ನು ಹುಡುಕಿ ಜೋಡಿಸಿದ್ದಾರೆ. ಬೆಂಕಿಗೆ ನೂರು ವರ್ಷ ತುಂಬಿದ 2022ರ ಜೂನ್‌ನಲ್ಲಿ ‘ವರ್ಚುವಲ್ ರೆಕಾರ್ಡ್ ಟ್ರೆಷರಿ ಆಫ್ ಐರ್ಲೆಂಡ್’ ಎಂಬ ಹೆಸರಿನಲ್ಲಿ ಹೀಗೆ ಜೋಡಿಸಿದ ಸಂಗ್ರಹ ಅಂತರ್ಜಾಲದಲ್ಲಿ ತೆರೆದುಕೊಂಡಿತು. ನೋಡಲು ಶುಲ್ಕವಿಲ್ಲ, ಜೋಡಣೆ ಇನ್ನೂ ನಡೆದಿದೆ.