ಹಳೆ ಗೇರ್ ಸೈಕಲ್‌ಗೆ ಹೊಂದುವ ಶಿಫ್ಟರ್

ಗೇರ್ ಸೈಕಲ್ಲಿನ ಹ್ಯಾಂಡಲ್ ಮೇಲೆ ಕೈಗೆಟುಕುವಂತೆ ಕೂತಿರುವ ಶಿಫ್ಟರ್‌ನ ಕೆಲಸ ಒಂದೇ: ತೆಳ್ಳನೆಯ ಉಕ್ಕಿನ ವಾಯರನ್ನು ಲೆಕ್ಕ ಹಾಕಿದಷ್ಟೇ ಎಳೆಯುವುದು, ಇಲ್ಲವೆ ಅಷ್ಟೇ ಬಿಡುವುದು. ವಾಯರಿನ ಇನ್ನೊಂದು ತುದಿ ಹಿಂಗಾಲಿಯ ಬಳಿಯ ಡಿರೇಲರ್‌ಗೆ ಬಿಗಿದಿರುತ್ತದೆ. ಎಳೆದಾಗ ಡಿರೇಲರ್ ಒಳಕ್ಕೆ ಸರಿದು ಚೈನನ್ನು ದೊಡ್ಡ ಹಲ್ಲುಚಕ್ರಕ್ಕೆ ಏರಿಸುತ್ತದೆ. ಬಿಟ್ಟಾಗ ಅದರ ಸ್ಪ್ರಿಂಗ್ ಹೊರಕ್ಕೆ ಎಳೆದು ಚಿಕ್ಕ ಚಕ್ರಕ್ಕೆ ಇಳಿಸುತ್ತದೆ.

ಗದಗ-ಬೆಟಗೇರಿ ಸುತ್ತಿನ ಎರೆ ಬಯಲಿನಲ್ಲಿ ಏರು ಕಡಿಮೆ, ಆದರೆ ಗಾಳಿ ಜೋರು. ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಈ ಗಾಳಿಯನ್ನು ನಂಬಿಯೇ. ಆಷಾಢದಲ್ಲಿ ಹುಲಕೋಟಿ ಕಡೆಗೆ, ಅಂದರೆ ಪಡುವಣ ಗಾಳಿಗೆ ಎದುರಾಗಿ ಹೊರಟವರಿಗೆ ಸಪಾಟು ರಸ್ತೆಯೂ ಏರಿನಂತೆಯೇ. ಮುಂಡರಗಿ, ಶಿರಹಟ್ಟಿಗಳತ್ತ ಕಪ್ಪತಗುಡ್ಡದ ಮಗ್ಗುಲಿಗೆ ಹೋದರೆ ನಿಜವಾದ ಏರೂ ಸಿಗುತ್ತದೆ. ಗೇರ್ ಕೈಕೊಟ್ಟ ಸೈಕಲ್ ಇಲ್ಲಿ ಮೂಲೆ ಸೇರಲು ತಡವಾಗುವುದಿಲ್ಲ. ಚೌಕಟ್ಟು, ಗಾಲಿ, ಚೈನ್ ಎಲ್ಲ ಗಟ್ಟಿಯಾಗಿರುವಾಗ ಅಂಗೈಯಗಲದ ಒಂದು ಭಾಗಕ್ಕಾಗಿ ಇಡೀ ಸೈಕಲ್ಲನ್ನು ಗುಜರಿಗೆ ಹಾಕುವುದು ದೊಡ್ಡ ನಷ್ಟ.

ಮೊದಲಿಗೆ ನೋಡಬೇಕಾದದ್ದು ಶಿಫ್ಟರ್ ನಿಜವಾಗಿಯೂ ಮುರಿದಿದೆಯೇ ಎಂಬುದನ್ನು. ಕ್ಲಿಕ್ ಎನ್ನುವ ಶಿಫ್ಟರ್‌ನ ಒಳಗೆ ಪುಟ್ಟ ಹಲ್ಲುಚಕ್ರ ಮತ್ತು ಅದರ ಹಲ್ಲಿಗೆ ಸಿಕ್ಕಿಕೊಳ್ಳುವ ಕೊಕ್ಕೆ ಇರುತ್ತವೆ. ಬೆಟಗೇರಿಯ ನೇಕಾರರಿಗೆ ಈ ಜೋಡಿ ಹೊಸದಲ್ಲ; ಕೈಮಗ್ಗದಲ್ಲಿ ನೇಯ್ದ ಬಟ್ಟೆ ಸುತ್ತಿಕೊಳ್ಳುವ ದಿಂಡು ಹಿಂದಕ್ಕೆ ತಿರುಗದಂತೆ ತಡೆಯುವುದೂ ಇಂಥದೇ ಚಕ್ರ ಮತ್ತು ಕೊಕ್ಕೆ. ಶಿಫ್ಟರ್‌ನ ಕೊಕ್ಕೆ ಅಕ್ಕಿಕಾಳಿಗಿಂತ ತುಸು ದೊಡ್ಡದು, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕೂದಲಿನಷ್ಟು ಸಪೂರ. ವರ್ಷಗಟ್ಟಲೆ ನಿಂತ ಸೈಕಲ್ಲಿನಲ್ಲಿ ಕಾರ್ಖಾನೆಯ ಗ್ರೀಸ್ ಒಣಗಿ, ಧೂಳು ಸೇರಿ, ಮೇಣದಂತೆ ಗಟ್ಟಿಯಾಗುತ್ತದೆ. ಆಗ ಕೊಕ್ಕೆ ಹಲ್ಲಿಗೆ ಬೀಳುವುದೇ ಇಲ್ಲ. ಲಿವರ್ ಒತ್ತಿದರೆ ಸುಮ್ಮನೆ ಆಡುತ್ತದೆ. ಮೇಲಿನ ಮುಚ್ಚಳ ಬಿಚ್ಚಿ, ಡಬ್ಲ್ಯೂಡಿ-40 ಅಥವಾ ಸೀಮೆಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಲಿವರನ್ನು ಮತ್ತೆ ಮತ್ತೆ ಒತ್ತುತ್ತಿದ್ದರೆ ಕೊಳೆ ಕರಗಿ ಇಳಿಯುತ್ತದೆ. ಕಪ್ಪು ನೀರು ನಿಲ್ಲುವವರೆಗೂ ಇದನ್ನು ಮಾಡಿ, ಒರೆಸಿ, ತೆಳು ಎಣ್ಣೆ ಹಾಕಬೇಕು. ಸತ್ತಿತೆಂದು ಬಿಟ್ಟ ಎಷ್ಟೋ ಶಿಫ್ಟರ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ತುಕ್ಕು ಹಿಡಿದ ವಾಯರ್ ಕೂಡ ಶಿಫ್ಟರ್ ಕೆಟ್ಟಂತೆ ತೋರಿಸಬಲ್ಲದು, ಹಾಗಾಗಿ ಅದನ್ನೂ ಬದಲಿಸಿ ನೋಡಬೇಕು.

ಹಲ್ಲೋ ಸ್ಪ್ರಿಂಗೋ ಮುರಿದಿದ್ದರೆ ಬದಲಿ ಹುಡುಕದೆ ವಿಧಿಯಿಲ್ಲ. ಇಲ್ಲಿ ಬೇಕಾದದ್ದು ಬ್ರ್ಯಾಂಡಿನ ಹೆಸರಿಗಿಂತ ಹೆಚ್ಚಾಗಿ ಅಳತೆ. ಹಿಂಗಾಲಿಯಲ್ಲಿ ಆರು ಚಕ್ರಗಳಿದ್ದರೆ ಒಂದರ ನಡುವಿನಿಂದ ಪಕ್ಕದ್ದರ ನಡುವಿಗೆ ಸುಮಾರು 5.5 ಮಿ.ಮೀ. ಅಂತರ. ಏಳಿದ್ದರೆ 5, ಎಂಟಿದ್ದರೆ 4.8. ಶಿಮಾನೊ ಕಂಪನಿಯ ಹಳೆ ಡಿರೇಲರ್‌ಗಳಲ್ಲಿ ಬಹುಪಾಲು, ವಾಯರ್ 1 ಮಿ.ಮೀ. ಎಳೆದರೆ ಸುಮಾರು 1.7 ಮಿ.ಮೀ. ಸರಿಯುತ್ತವೆ. ಹಾಗಾಗಿ ಆರು ಸ್ಪೀಡಿನ ಶಿಫ್ಟರ್ ಒಂದು ಕ್ಲಿಕ್ಕಿಗೆ 3.2 ಮಿ.ಮೀ. ಎಳೆಯುತ್ತದೆ, ಏಳರದ್ದು 2.9, ಎಂಟರದ್ದು 2.8.

ಆರು ಚಕ್ರದ ಸೈಕಲ್ಲಿಗೆ ಏಳು ಸ್ಪೀಡಿನ ಶಿಫ್ಟರ್ ಹಾಕಿದರೆ ಪ್ರತಿ ಕ್ಲಿಕ್ಕಿಗೂ ಅರ್ಧ ಮಿ.ಮೀ.ಗಿಂತ ಹೆಚ್ಚು ಕೊರತೆ. ಐದು ಕ್ಲಿಕ್ ಆಗುವಷ್ಟರಲ್ಲಿ ಅದು ಎರಡೂಮುಕ್ಕಾಲು ಮಿ.ಮೀ. ದಾಟಿ, ಚೈನ್ ಎರಡು ಚಕ್ರಗಳ ನಡುವೆ ಕರಕರ ಎನ್ನುತ್ತ ಒದ್ದಾಡುತ್ತದೆ. ಏಳು ಚಕ್ರಕ್ಕೆ ಎಂಟರ ಶಿಫ್ಟರ್ ಹಾಕಿದರೆ ಕಥೆ ಬೇರೆ. ಕ್ಲಿಕ್ಕಿಗೆ 0.2 ಮಿ.ಮೀ.ನಂತೆ ಒಟ್ಟು ವ್ಯತ್ಯಾಸ 1.2. ನಡುವಿನ ಗೇರನ್ನು ಸರಿಯಾಗಿ ಕೂರಿಸಿದರೆ ಆಚೀಚೆ 0.6ರಂತೆ ಹಂಚಿಹೋಗುತ್ತದೆ. ಡಿರೇಲರಿನ ಮೇಲಿನ ಪುಟ್ಟ ಗಾಲಿಗೆ ಅಡ್ಡಡ್ಡ ಆಡಲು ತುಸು ಜಾಗ ಇರುವುದರಿಂದ ಇಷ್ಟು ತಪ್ಪನ್ನು ಅದು ಸಾಮಾನ್ಯವಾಗಿ ನುಂಗಿಕೊಳ್ಳುತ್ತದೆ.

ಎಸ್‌ಆರ್‌ಎಎಂ ಕಂಪನಿಯ ಸ್ವಂತ ಪದ್ಧತಿಯಲ್ಲಿ ವಾಯರ್ 1 ಮಿ.ಮೀ. ಎಳೆದರೆ ಡಿರೇಲರ್ ಸರಿಯುವುದು 1.1 ಮಿ.ಮೀ. ಆಸುಪಾಸು, ಅಂದರೆ ವಾಯರ್ ಹೆಚ್ಚು ಎಳೆಯಬೇಕು. ಆದರೆ ಅದೇ ಕಂಪನಿಯ ತಿರುಚುವ ಗ್ರಿಪ್ ಶಿಫ್ಟರ್‌ಗಳಲ್ಲಿ ಶಿಮಾನೊಗೆ ಹೊಂದುವವೂ ಇವೆ. ನೋಡಲು ಎರಡೂ ಒಂದೇ ಥರ ಇರುವುದರಿಂದ ಕೊಳ್ಳುವಾಗ ಕೇಳಿಯೇ ತೆಗೆದುಕೊಳ್ಳಬೇಕು.

ಅಂಗಡಿಗಳಲ್ಲಿ ಸಿಗುವವುಗಳಲ್ಲಿ ಶಿಮಾನೊ ಟೂರ್ನಿ ಸರಣಿಯ ಆರು, ಏಳು ಸ್ಪೀಡಿನ ಶಿಫ್ಟರ್‌ಗಳು ಹಳೆ ಸೈಕಲ್ಲಿಗೆ ಹತ್ತಿರದವು. ಬೆಟಗೇರಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಲ್ಲಿ ಹುಡುಕಬಹುದು. ಬ್ರೇಕ್ ಲಿವರ್ ಸಮೇತ ಬರುವ ಜೋಡಿಯ ಬಗ್ಗೆ ಎಚ್ಚರ ಬೇಕು. ವಿ-ಬ್ರೇಕಿಗೆ ಮಾಡಿದ ಲಿವರ್ ಹೆಚ್ಚು ವಾಯರ್ ಎಳೆಯುತ್ತದೆ. ಅದನ್ನು ಹಳೆ ಕ್ಯಾಂಟಿಲಿವರ್ ಬ್ರೇಕಿಗೆ ಕಟ್ಟಿದರೆ ಲಿವರ್ ಗಟ್ಟಿಯೆನಿಸಿದರೂ ಬ್ರೇಕಿನ ಹಿಡಿತ ಮಾತ್ರ ಕಡಿಮೆಯಾಗುತ್ತದೆ. ಹ್ಯಾಂಡಲ್ಲಿನ ದಪ್ಪವನ್ನೂ ನೋಡಬೇಕು: ನೇರ ಹ್ಯಾಂಡಲ್ 22.2 ಮಿ.ಮೀ., ಬಾಗಿದ ರೇಸ್ ಹ್ಯಾಂಡಲ್ ಸುಮಾರು 24. ಒಂದರ ಕ್ಲ್ಯಾಂಪ್ ಇನ್ನೊಂದಕ್ಕೆ ಕೂರುವುದಿಲ್ಲ.

ಯಾವುದೂ ಹೊಂದದಿದ್ದಾಗ ಕಾಪಾಡುವುದು ಕ್ಲಿಕ್ಕೇ ಇಲ್ಲದ ಫ್ರಿಕ್ಷನ್ ಶಿಫ್ಟರ್. ಶಿಮಾನೊ 1980ರ ದಶಕದ ನಡುವೆ ಎಸ್‌ಐಎಸ್ ಎಂಬ ಕ್ಲಿಕ್ ಪದ್ಧತಿ ತರುವವರೆಗೂ ಜಗತ್ತಿನ ಬಹುಪಾಲು ಡಿರೇಲರ್ ಸೈಕಲ್ಲುಗಳು ನಡೆದದ್ದು ಇದರಿಂದಲೇ. ಇದರಲ್ಲಿ ಲಿವರನ್ನು ಹಿಡಿದಿಡುವುದು ವಾಷರುಗಳ ಘರ್ಷಣೆ. ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಲ್ಲುತ್ತದೆ. ಚೈನ್ ಸರಿಯಾಗಿ ಕೂತಿದ್ದನ್ನು ಕಿವಿಯಿಂದಲೇ ತಿಳಿಯಬೇಕು. ಶಿಮಾನೊ ಡಿರೇಲರ್ ಆದರೆ ಆರು ಚಕ್ರಕ್ಕೆ 16 ಮಿ.ಮೀ., ಏಳಕ್ಕೆ ಸುಮಾರು 17.5 ಮಿ.ಮೀ. ವಾಯರ್ ಬೇಕು; ಬೇಕಾದಷ್ಟನ್ನು ಲಿವರ್ ಸುತ್ತಿಕೊಂಡರೆ ಸಾಕು, ಚಕ್ರ ಎಷ್ಟು, ಡಿರೇಲರ್ ಯಾರದ್ದು ಎಂಬ ಪ್ರಶ್ನೆಯೇ ಬರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷದ ಸೈಕಲ್ಲಿಗೆ ಇದಕ್ಕಿಂತ ನಂಬಿಗಸ್ತ ಬದಲಿ ಇಲ್ಲ. ಎಡಗಡೆಯ ಶಿಫ್ಟರ್ ಸರಿಸುವುದು ಮುಂದಿನ ಎರಡು ಮೂರು ಚಕ್ರಗಳನ್ನಷ್ಟೇ ಆದ್ದರಿಂದ ಅಲ್ಲಿ ಫ್ರಿಕ್ಷನ್ ಇನ್ನೂ ಸಲೀಸು.

ಕೂರಿಸುವಾಗ ವಾಯರೂ ಹೊರಕವಚವೂ ಗೇರಿನದ್ದೇ ಆಗಿರಬೇಕು. ಗೇರ್ ವಾಯರ್ 1.2 ಮಿ.ಮೀ. ದಪ್ಪ. ಅದರ ಕವಚದಲ್ಲಿ ಉಕ್ಕಿನ ಎಳೆಗಳು ಉದ್ದಕ್ಕೆ ಸಾಗಿರುತ್ತವೆ, ಆದ್ದರಿಂದ ಒತ್ತಡಕ್ಕೆ ಕುಗ್ಗುವುದಿಲ್ಲ. ಬ್ರೇಕ್ ಕವಚ ಸುರುಳಿಯಾದ್ದರಿಂದ ಕುಗ್ಗುತ್ತದೆ, ಕ್ಲಿಕ್ಕಿನ ಲೆಕ್ಕ ತಪ್ಪುತ್ತದೆ. ಚೈನನ್ನು ಅತಿ ಚಿಕ್ಕ ಚಕ್ರಕ್ಕೆ ಇಳಿಸಿ, ವಾಯರನ್ನು ಸಡಿಲ ಉಳಿಯದಂತೆ ಬಿಗಿದು, ಒಂದು ಕ್ಲಿಕ್ ಒತ್ತಬೇಕು. ಚೈನ್ ಏರಲು ತಡವರಿಸಿದರೆ ಹೊಂದಿಸುವ ತಿರುಪನ್ನು ಬಿಚ್ಚುವ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಮೊದಲ ಕೆಲವು ಸವಾರಿಗಳಲ್ಲಿ ಕವಚದ ತುದಿಗಳು ಕೂತುಕೊಂಡು ವಾಯರ್ ತುಸು ಸಡಿಲವಾಗುತ್ತದೆ. ಆಗ ಅದೇ ತಿರುಪಿನಿಂದ ಇನ್ನೊಮ್ಮೆ ಸರಿಪಡಿಸಿದರೆ ಆಯಿತು.