ಮಗುವಿನ ಮುಂದಿನ ಹಲ್ಲಿನ ಆಕಾರ ಬೇರೆ ಇದ್ದರೆ ಏನು ಮಾಡಬೇಕು?

ಹಾಲುಹಲ್ಲು ಬಿದ್ದು, 7ರಿಂದ 9ನೇ ವಯಸ್ಸಿನ ಹೊತ್ತಿಗೆ ಮೇಲಿನ ಸಾಲಿನ ಮುಂದಿನ ಶಾಶ್ವತ ಹಲ್ಲುಗಳು ಬರುತ್ತವೆ. ಕೆಲವು ಮಕ್ಕಳಿಗೆ ಅದರಲ್ಲೊಂದು ಗೂಟದ ಹಾಗೆ ಸಣ್ಣಗೆ, ಚೂಪಾಗಿ ಇರುತ್ತೆ. ಇನ್ನು ಕೆಲವರಿಗೆ ಹಲ್ಲಿನ ಹಿಂದೆ ಕೊಂಬಿನಂಥದ್ದು ಬೆಳೆದಿರುತ್ತೆ. ಶಾಲೆಯಲ್ಲಿ ಗೇಲಿ ಮಾಡ್ತಾರೆ, ಮಗು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತೆ. ‘ಕೀಳಿಸಿಬಿಡೋಣವಾ? ಉಜ್ಜಿಸಿ ಸರಿ ಮಾಡಿಸೋಣವಾ?’ ಅಂತ ಅಪ್ಪ-ಅಮ್ಮ ಕೇಳ್ತಾರೆ. ಎರಡಕ್ಕೂ ಆತುರ ಬೇಡ.

ಯಾಕೆ ಅಂದ್ರೆ, ಹಲ್ಲು ಹೊರಗೆ ಬಂದರೂ ಅದರ ಬೇರು ಪೂರ್ತಿ ಬೆಳೆಯೋಕೆ ಇನ್ನೂ ಸುಮಾರು 3 ವರ್ಷ ಬೇಕು. ಆ ಬೇರನ್ನು ಬೆಳೆಸೋದು ಹಲ್ಲಿನೊಳಗಿನ ತಿರುಳು, ಅಂದ್ರೆ ನರ ಮತ್ತು ರಕ್ತನಾಳಗಳಿರುವ ಭಾಗ. ಅದು ಸತ್ತರೆ ಬೇರು ಅರ್ಧಕ್ಕೇ ನಿಂತು, ಹಲ್ಲು ದುರ್ಬಲವಾಗುತ್ತೆ. ಹಾಗಾಗಿ ಮೊದಲು ಎಕ್ಸ್-ರೇ, ಆಮೇಲೆ ಚಿಕಿತ್ಸೆ.

ಗೂಟದಂಥ ಹಲ್ಲಿಗೆ ಉಪಾಯ ಸುಲಭ. ಹಲ್ಲಿನ ಬಣ್ಣದ ಕಾಂಪೋಸಿಟ್ ಅಂಟಿಸಿ ಆಕಾರ ತುಂಬಿಸ್ತಾರೆ. ಹಲ್ಲನ್ನು ಕೊರೆಯೋದು ಅಷ್ಟಾಗಿ ಬೇಕಾಗಲ್ಲ. ಪಿಂಗಾಣಿ ಕವಚವನ್ನು ದೊಡ್ಡವರಾದ ಮೇಲೆ ಹಾಕಿಸೋದು ಒಳ್ಳೇದು, ಏಕೆಂದರೆ ಮಕ್ಕಳಲ್ಲಿ ಒಸಡಿನ ಅಂಚು ಇನ್ನೂ ಮೇಲೆ ಸರಿಯುತ್ತಾ ಇರುತ್ತೆ.

ಹಿಂದಿನ ಕೊಂಬಿಗೆ ವೈದ್ಯರು ‘ಟ್ಯಾಲನ್ ಕಸ್ಪ್’ ಅಂತಾರೆ, ಹದ್ದಿನ ಉಗುರಿನ ಹಾಗೆ ಕಾಣೋದರಿಂದ ಈ ಹೆಸರು. ಕಚ್ಚುವಾಗ ಕೆಳಗಿನ ಹಲ್ಲಿಗೆ ತಾಗುತ್ತಿದ್ದರೆ ಅದನ್ನು ಉಜ್ಜಬೇಕಾಗುತ್ತೆ. ಆದರೆ ಅದರೊಳಗೂ ತಿರುಳು ಚಾಚಿರಬಹುದು. ಅದಕ್ಕೇ ಒಂದೇ ದಿನ ಉಜ್ಜದೆ, 6ರಿಂದ 8 ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಉಜ್ಜಿ ಫ್ಲೋರೈಡ್ ಹಚ್ಚುತ್ತಾರೆ. ಈ ನಡುವಿನ ಸಮಯದಲ್ಲಿ ತಿರುಳು ಒಳಗಿನಿಂದ ಹೊಸ ಪದರ ಕಟ್ಟಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತೆ.

ಮೂರನೆಯದು ಕಣ್ಣಿಗೆ ಬೀಳದೇ ಇರೋದು, ‘ಹಲ್ಲಿನೊಳಗೆ ಹಲ್ಲು’. ಹೊರಗೆ ಕಾಣೋದು ಹಿಂಭಾಗದ ಒಂದು ಪುಟ್ಟ ಗುಳಿ ಮಾತ್ರ. ಆದರೆ ಅದು ಆಳಕ್ಕೆ ಇಳಿದಿರುತ್ತೆ. ಬ್ಯಾಕ್ಟೀರಿಯಾ ಅದೇ ದಾರಿಯಲ್ಲಿ ತಿರುಳು ಸೇರುತ್ತೆ. ಹುಳುಕು ಕಾಣದಿದ್ದರೂ ಒಸಡು ಊದಿ ಕೀವು ಆಗಬಹುದು. ಹಲ್ಲು ಬಂದ ಕೂಡಲೇ ಆ ಗುಳಿಯನ್ನು ಸೀಲ್ ಮಾಡಿಸಿದರೆ ಎಷ್ಟೋ ಮಕ್ಕಳಿಗೆ ರೂಟ್ ಕೆನಾಲ್ ತಪ್ಪುತ್ತೆ.

ಇವು ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಆದ ಬದಲಾವಣೆಗಳು. ಚಾಕೊಲೇಟಿಂದಾಗಲಿ, ಸರಿಯಾಗಿ ಬ್ರಷ್ ಮಾಡದ್ದಕ್ಕಾಗಲಿ ಬಂದದ್ದಲ್ಲ. ಮಗುವನ್ನು ಬೈಯಬೇಡಿ. ನೋವು ಬರೋವರೆಗೂ ಕಾಯಬೇಡಿ, ಆಕಾರ ಬೇರೆ ಅನ್ನಿಸಿದ ದಿನವೇ ದಂತವೈದ್ಯರಿಗೆ ತೋರಿಸಿ.