ಗೃಹಾಧಾರಿತ ಶಿಕ್ಷಣ: ಪೋಷಕರು ಮತ್ತು ಶಿಕ್ಷಕರ ಹೊಣೆ ಹಂಚಿಕೆ

(ಗ್ರಾಮ ಪಂಚಾಯತಿ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಮಾಹಿತಿಗಾಗಿ)

ಗ್ರಾಮದ ಶಾಲೆಯ ಹಾಜರಾತಿ ಪುಸ್ತಕದಲ್ಲಿ ಹೆಸರಿದ್ದು, ತರಗತಿಯಲ್ಲಿ ಎಂದೂ ಕಾಣಿಸಿಕೊಳ್ಳದ ಮಗುವೊಂದು ಇರಬಹುದು. ವಿಚಾರಿಸಿದರೆ, "ಆ ಮಗುವಿಗೆ ಗೃಹಾಧಾರಿತ ಶಿಕ್ಷಣ" ಎಂಬ ಉತ್ತರ ಬರುತ್ತದೆ. ಆ ಉತ್ತರದೊಂದಿಗೆ ವಿಚಾರಣೆ ಮುಗಿಯಬಾರದು. ಆ ಮಗುವಿಗೆ ಈ ವಾರ ಕಲಿಸಿದವರು ಯಾರು, ಏನನ್ನು ಕಲಿಸಿದರು ಎಂಬುದು ಸದಸ್ಯರು ಕೇಳಬೇಕಾದ ಮುಂದಿನ ಪ್ರಶ್ನೆ.

ಕಾನೂನಿನ ಆಧಾರ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ಕ್ಕೆ 2012 ರಲ್ಲಿ ಮಾಡಲಾದ ತಿದ್ದುಪಡಿಯು, ಬಹುವಿಧ ಅಥವಾ ತೀವ್ರ ಸ್ವರೂಪದ ವಿಕಲತೆಯುಳ್ಳ ಮಗುವಿಗೆ ಮನೆಯಲ್ಲಿಯೇ ಶಿಕ್ಷಣ ಪಡೆಯುವ ಆಯ್ಕೆಯನ್ನು ನೀಡಿದೆ. ಇದು ಮಗುವಿನ ಮತ್ತು ಪೋಷಕರ ಆಯ್ಕೆ. ಮಗುವನ್ನು ಸೇರಿಸಿಕೊಳ್ಳದಿರಲು ಶಾಲೆಗೆ ದೊರೆತ ವಿನಾಯಿತಿಯಲ್ಲ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ರ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆಯುಳ್ಳ 6 ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಆದುದರಿಂದ ಮನೆಯಲ್ಲಿ ಕಲಿಯುವ ಮಗುವಿಗೆ ಶಾಲೆಯ ಬಾಗಿಲು ಸದಾ ತೆರೆದಿರಬೇಕು. ಆರೋಗ್ಯ ಅನುಕೂಲಿಸಿದಂತೆ ವಾರಕ್ಕೊಮ್ಮೆಯೋ ಎರಡು ಬಾರಿಯೋ ಶಾಲೆಗೆ ಬಂದು, ಉಳಿದ ದಿನ ಮನೆಯಲ್ಲಿ ಕಲಿಯುವ ಭಾಗಶಃ ವ್ಯವಸ್ಥೆ ಅನೇಕ ಮಕ್ಕಳಿಗೆ ಹೊಂದುತ್ತದೆ.

ಹೊಣೆ ಜಾರುವ ಬಗೆ

ಸಮಗ್ರ ಶಿಕ್ಷಣ ಯೋಜನೆಯಡಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಅಂದರೆ ಬಿ.ಐ.ಇ.ಆರ್.ಟಿ. ಗಳು ಇರುತ್ತಾರೆ. ಕೆಲವೇ ಮಂದಿ ಇಡೀ ತಾಲ್ಲೂಕಿನ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ನೋಡಬೇಕಾಗಿರುವುದರಿಂದ ಪ್ರತಿ ಮನೆಗೆ ಪದೇಪದೇ ಬರುವುದು ಅವರಿಗೆ ಸಾಧ್ಯವಿಲ್ಲ. ತರಗತಿ ಶಿಕ್ಷಕರು ಇದು ಸಂಪನ್ಮೂಲ ಶಿಕ್ಷಕರ ಕೆಲಸವೆಂದು ಭಾವಿಸುತ್ತಾರೆ. ಸಂಪನ್ಮೂಲ ಶಿಕ್ಷಕರು ತಾವು ತೋರಿಸಿಕೊಟ್ಟದ್ದನ್ನು ತಾಯಿ ಮುಂದುವರಿಸುತ್ತಾರೆಂದು ನಂಬುತ್ತಾರೆ. ತಾಯಿಯಾದರೋ ಕಲಿಸುವುದು ಮೇಷ್ಟ್ರ ಕೆಲಸ, ತನ್ನದು ಆರೈಕೆ ಮಾತ್ರ ಎಂದುಕೊಂಡಿರುತ್ತಾರೆ. ಮೂವರಲ್ಲಿ ಯಾರೂ ಉದ್ದೇಶಪೂರ್ವಕವಾಗಿ ತಪ್ಪು ಮಾಡಿರುವುದಿಲ್ಲ. ಆದರೂ ಮಗುವಿನ ವರ್ಷವೊಂದು ಕಳೆದುಹೋಗಿರುತ್ತದೆ. ಹೊಣೆಯನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಹಂಚಿಕೊಳ್ಳುವುದೇ ಇದಕ್ಕೆ ಪರಿಹಾರ.

ಶಿಕ್ಷಕರ ಹೊಣೆ

ಸಂಪನ್ಮೂಲ ಶಿಕ್ಷಕರು ಮಗುವಿನ ಸಾಮರ್ಥ್ಯವನ್ನು ಪರಿಶೀಲಿಸಿ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಪೋಷಕರೊಡನೆ ಕುಳಿತು ಸಿದ್ಧಪಡಿಸಬೇಕು. ಅದರಲ್ಲಿರುವ ಗುರಿಗಳು ಅಳೆಯಲು ಬರುವಂತಿರಬೇಕು. "ಮಗು ಸುಧಾರಿಸುವುದು" ಎಂಬುದು ಗುರಿಯಲ್ಲ. "ಮೂರು ತಿಂಗಳೊಳಗೆ ನೀರು ಬೇಕೆಂದು ಚಿತ್ರ ತೋರಿಸಿ ಕೇಳುವುದು" ಎಂಬುದು ಗುರಿ. ತರಗತಿ ಶಿಕ್ಷಕರ ಹೊಣೆಯೂ ಇಲ್ಲಿಗೆ ಮುಗಿಯುವುದಿಲ್ಲ. ಶಿಕ್ಷಣ ಹಕ್ಕು ಅಧಿನಿಯಮದ 24 ನೆಯ ಪ್ರಕರಣವು ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅರಿಯುವುದನ್ನೂ, ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸಿ ಪ್ರಗತಿಯನ್ನು ತಿಳಿಸುವುದನ್ನೂ ಶಿಕ್ಷಕರ ಕರ್ತವ್ಯವಾಗಿಸಿದೆ. ಮನೆಯಲ್ಲಿ ಕಲಿಯುವ ಮಗುವಿನ ಪೋಷಕರು ಈ ಸಭೆಯಿಂದ ಹೊರಗುಳಿಯುವಂತಿಲ್ಲ. ಅವರು ಶಾಲೆಗೆ ಬರಲಾಗದಿದ್ದರೆ ಶಿಕ್ಷಕರೇ ಮನೆಗೆ ಹೋಗುವುದು ಯುಕ್ತ.

ಪೋಷಕರ ಹೊಣೆ

ಪೋಷಕರನ್ನು ಎರಡನೆಯ ಶಿಕ್ಷಕರನ್ನಾಗಿ ಮಾಡುವುದು ಇಲ್ಲಿನ ಉದ್ದೇಶವಲ್ಲ. ಮನೆಯ ದಿನಚರಿಯೊಳಗೇ ಕಲಿಕೆಯನ್ನು ಸೇರಿಸುವುದು ಅವರ ಪಾಲಿನ ಕೆಲಸ. ಉದಾಹರಣೆಗೆ, ಮೆದುಳಿನ ಪಾರ್ಶ್ವವಾಯುವಿನಿಂದ ಕೈಕಾಲುಗಳ ಹಿಡಿತ ತಪ್ಪಿರುವ ಎಂಟು ವರ್ಷದ ಮಗುವೊಂದನ್ನು ಊಹಿಸಿಕೊಳ್ಳೋಣ. ಊಟದ ವೇಳೆಗೆ ಮಗುವನ್ನು ಆಧಾರ ಕೊಟ್ಟು ನೇರವಾಗಿ ಕೂರಿಸುವುದು ಮೊದಲ ಪಾಠ. ಮಲಗಿಸಿ ತಿನ್ನಿಸಿದರೆ ಆಹಾರ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ; ನೇರವಾಗಿ ಕುಳಿತ ಮಗುವಿಗೆ ತಟ್ಟೆಯೂ ಎದುರಿನವರ ಮುಖವೂ ಕಾಣುತ್ತವೆ. ತುತ್ತು ನೀಡುವ ಮುನ್ನ "ಅನ್ನವೋ, ಮುದ್ದೆಯೋ" ಎಂದು ತೋರಿಸಿ ಕೇಳಿ, ಮಗು ಕಣ್ಣಿನಿಂದಲೋ ಕೈಯಿಂದಲೋ ಉತ್ತರಿಸುವವರೆಗೆ ಕಾಯುವುದು ಭಾಷೆಯ ಪಾಠ. ಅವರೆಕಾಳು ಮತ್ತು ಹೆಸರುಕಾಳನ್ನು ಬೇರೆ ಬೇರೆ ಬಟ್ಟಲಿಗೆ ಹಾಕುವುದರಿಂದ ಬೆರಳಿಗೆ ವ್ಯಾಯಾಮವಾಗುತ್ತದೆ, ಗಣಿತಕ್ಕೂ ಆರಂಭವಾಗುತ್ತದೆ. ಅಂಗಿಗೆ ಕೈ ತೂರಿಸುವುದು, ಹಲ್ಲುಜ್ಜುವುದು, ಶೌಚದ ಅಗತ್ಯವನ್ನು ತಿಳಿಸುವುದು ಇವೆಲ್ಲವೂ ಯೋಜನೆಯ ಭಾಗವೇ.

ಇವುಗಳನ್ನು ಒಂದು ಸಂಪರ್ಕ ಪುಸ್ತಕದಲ್ಲಿ ದಾಖಲಿಸುವುದು ಉಪಯುಕ್ತ. ಶಿಕ್ಷಕರು ವಾರದ ಎರಡು ಅಥವಾ ಮೂರು ಚಟುವಟಿಕೆಗಳನ್ನು ಬರೆಯಲಿ; ಪೋಷಕರು ಆದದ್ದಕ್ಕೆ ಗುರುತು ಹಾಕಲಿ. ಓದು ಬಾರದ ತಾಯಿಗೆ ಬರವಣಿಗೆಯ ಬದಲು ಚಿತ್ರ ಬರೆದು ಕೊಡಬಹುದು. ಆಗದೆ ಉಳಿದ ಚಟುವಟಿಕೆಯನ್ನು ತಪ್ಪೆಂದು ಎಣಿಸದೆ, ಅದು ಏಕೆ ಆಗಲಿಲ್ಲವೆಂದು ಮುಂದಿನ ಭೇಟಿಯಲ್ಲಿ ಚರ್ಚಿಸುವುದೇ ಈ ಪುಸ್ತಕದ ಪ್ರಯೋಜನ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಕೂಲಿಗೆ ಹೋಗದಿದ್ದರೆ ಒಲೆ ಉರಿಯದ ಮನೆಗೆ ದಿನಕ್ಕೆ ಎರಡು ಗಂಟೆಯ ಚಟುವಟಿಕೆ ಬರೆದುಕೊಟ್ಟರೆ ಆ ಯೋಜನೆ ಕಾಗದದಲ್ಲಿಯೇ ಉಳಿಯುತ್ತದೆ; ಊಟ, ಸ್ನಾನ, ನಿದ್ರೆಯ ವೇಳೆಗೆ ಹೊಂದುವಷ್ಟನ್ನೇ ಬರೆಯಬೇಕು. ಎರಡನೆಯದಾಗಿ, ಮಗುವಿನ ಆರೈಕೆಗಾಗಿ ಅಕ್ಕನನ್ನು ಶಾಲೆ ಬಿಡಿಸಿರುವ ಸಂದರ್ಭಗಳಿರುತ್ತವೆ. ಒಂದು ಮಗುವಿನ ಶಿಕ್ಷಣಕ್ಕಾಗಿ ಇನ್ನೊಂದು ಮಗುವಿನ ಶಿಕ್ಷಣ ನಿಲ್ಲಬಾರದು. ಮನೆ ಭೇಟಿಯ ವೇಳೆ ಸದಸ್ಯರು ಇದನ್ನು ತಪ್ಪದೆ ವಿಚಾರಿಸಬೇಕು.

ಗ್ರಾಮ ಪಂಚಾಯತಿಯ ಪಾತ್ರ

ಶಿಕ್ಷಣ ಹಕ್ಕು ಅಧಿನಿಯಮದ 9 ನೆಯ ಪ್ರಕರಣದಂತೆ, ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಪಂಚಾಯತಿಗಳು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಸೂಕ್ತ:

1. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಶಾಲೆಗಳಲ್ಲಿರುವ ಪಟ್ಟಿಗಳನ್ನು ತಾಳೆ ನೋಡುವುದು. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಮಗುವಿನ ಮನೆಗೆ ಮೊದಲು ಭೇಟಿ ನೀಡುವುದು.

2. ಸಾಮಾಜಿಕ ನ್ಯಾಯ ಸಮಿತಿಯ ಸಭೆಯಲ್ಲಿ ಪ್ರತಿ ಮಗುವಿಗೆ ಸಂಬಂಧಿಸಿ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯುವುದು: ಕೊನೆಯ ಭೇಟಿ ಎಂದು ಆಯಿತು? ಈಗಿನ ಗುರಿ ಯಾವುದು? ಮುಂದಿನ ಭೇಟಿ ಎಂದು?

3. ವಿಕಲಚೇತನರ ಕಲ್ಯಾಣಕ್ಕೆ ಮೀಸಲಿರುವ ಶೇ. 5 ರ ಅನುದಾನವನ್ನು ಮಾರ್ಗಸೂಚಿಗೆ ಒಳಪಟ್ಟು ಮಗುವಿನ ನೈಜ ಅಗತ್ಯಕ್ಕೆ ಬಳಸುವುದು. ಅಳತೆಗೆ ಹೊಂದದ ಗಾಲಿಕುರ್ಚಿಗಿಂತ ಹೊಂದುವ ಆಧಾರ ಕುರ್ಚಿಯೊಂದು ಹೆಚ್ಚು ಉಪಕಾರಿ. ಯಾವುದು ಬೇಕೆಂದು ಪೋಷಕರನ್ನೂ ಸಂಪನ್ಮೂಲ ಶಿಕ್ಷಕರನ್ನೂ ಕೇಳಿ ನಿರ್ಧರಿಸಬೇಕು.

4. ಮಗು ಶಾಲೆಗೆ ಬರುವ ದಿನಕ್ಕಾಗಿ ಇಳಿಜಾರು ದಾರಿ, ಬಳಸಲು ಯೋಗ್ಯವಾದ ಶೌಚಾಲಯ ಇವೆಯೇ ಎಂದು ಪರಿಶೀಲಿಸುವುದು. ಸಮಗ್ರ ಶಿಕ್ಷಣದಡಿ ದೊರೆಯುವ ಸಾರಿಗೆ ಮತ್ತು ಬೆಂಗಾವಲು ಭತ್ಯೆಗಳ ಬಗ್ಗೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸುವುದು.

5. ಮಕ್ಕಳ ಗ್ರಾಮ ಸಭೆಗೆ ಈ ಮಕ್ಕಳನ್ನೂ ಕರೆತರಲು ಏರ್ಪಾಡು ಮಾಡುವುದು. ಸಹಪಾಠಿಗಳು ಮಗುವನ್ನು ಹೆಸರಿನಿಂದ ಬಲ್ಲವರಾದರೆ ಶಾಲೆಗೆ ಬರುವ ದಾರಿ ಅರ್ಧ ಸುಗಮವಾದಂತೆ.

6. ಶಿಕ್ಷಣ ಹಕ್ಕಿಗೆ ಸಂಬಂಧಿಸಿದ ಕುಂದುಕೊರತೆಯನ್ನು 32 ನೆಯ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದೆಂದೂ, ಅದನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದೂ ಪೋಷಕರಿಗೆ ತಿಳಿಸುವುದು.

ಮನೆ ಭೇಟಿಯ ವೇಳೆ ಮಗುವಿನ ಛಾಯಾಚಿತ್ರ ತೆಗೆದು ಹಂಚುವುದಾಗಲಿ, ವಿಕಲತೆಯ ವಿವರಗಳನ್ನು ಬಹಿರಂಗ ಸಭೆಯಲ್ಲಿ ಓದುವುದಾಗಲಿ ಸಲ್ಲದು. ಭೇಟಿಯು ತಪಾಸಣೆಯಾಗಿ ತೋರಿದರೆ ಮನೆಯ ಬಾಗಿಲು ಮುಂದಿನ ಬಾರಿ ತೆರೆಯುವುದಿಲ್ಲ.

ಮನೆಯೇ ಮೊದಲ ಪಾಠಶಾಲೆ ಎಂಬುದು ನಿಜ. ಆದರೆ ಯಾವ ಮಗುವಿಗೂ ಮನೆಯೊಂದೇ ಪಾಠಶಾಲೆಯಾಗಬಾರದು. ಶಿಕ್ಷಕರು ಮನೆಗೆ ಬರುವುದು, ಮಗು ಶಾಲೆಗೆ ಹೋಗುವುದು ಇವೆರಡೂ ನಡೆಯುತ್ತಿದ್ದಾಗ ಮಾತ್ರ ಗೃಹಾಧಾರಿತ ಶಿಕ್ಷಣವೆಂಬ ಹೆಸರು ಸಾರ್ಥಕವಾಗುತ್ತದೆ. ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ಕ್ಷೇತ್ರದಲ್ಲಿ ಇಂತಹ ಒಂದು ಮಗುವಿನ ಮನೆಗೆ ಭೇಟಿ ನೀಡಿ, ಸಂಪರ್ಕ ಪುಸ್ತಕ ಇದ್ದಲ್ಲಿ ಅದರ ಕೊನೆಯ ಪುಟದ ದಿನಾಂಕವನ್ನು ನೋಡಬೇಕೆಂದೂ, ಇಲ್ಲದಿದ್ದಲ್ಲಿ ಅದನ್ನು ಆರಂಭಿಸಲು ಶಾಲೆಯೊಡನೆ ಮಾತನಾಡಬೇಕೆಂದೂ ಕೋರಲಾಗಿದೆ.